ಒಂಬತ್ತು ಬಿಲ್ಲೆ, ಒಂಬತ್ತು ಪುಸ್ತಕ

ಬಚ್ಚಪ್ಪ ಪುಸ್ತಕ ಓದುತ್ತಿದ್ದ ಎಂದರೆ ಸುಳ್ಳಾಗುತ್ತದೆ. ಓದುತ್ತಿರಲಿಲ್ಲ ಎಂದರೆ ಬಂಗಾರಪೇಟೆಯಲ್ಲಿ ಯಾರೂ ನಂಬುತ್ತಿರಲಿಲ್ಲ. ಈ ಎರಡರ ನಡುವೆ ಸಿಕ್ಕಿದ ಜಾಗದಲ್ಲಿ ಅವನು ಹದಿನೈದು ವರ್ಷ ಸುಖವಾಗಿ ಕಾಲ ಹಾಕಿದ್ದ.

ಅವನು ಓದುತ್ತಿದ್ದದ್ದು 'ಸಾದರ ಸ್ವೀಕಾರ'. ಭಾನುವಾರದ ಪತ್ರಿಕೆಯ ಒಂದು ಮೂಲೆಯಲ್ಲಿ, ಕಚೇರಿಗೆ ಬಂದ ಹೊಸ ಪುಸ್ತಕಗಳ ಹೆಸರು ಹಾಕಿ ಒಂದೊಂದಕ್ಕೂ ಎರಡೆರಡು ಸಾಲು ಬರೆದಿರುತ್ತಾರಲ್ಲ, ಅದು. ಆ ಎರಡು ಸಾಲು ಬರೆದವರಾದರೂ ಪುಸ್ತಕ ಓದಿದ್ದರೋ ಇಲ್ಲವೋ, ಆ ಗೊಡವೆ ನಮಗೆ ಬೇಡ. ಬಚ್ಚಪ್ಪ ಅದನ್ನು ಬಾಯಿಪಾಠ ಮಾಡಿಕೊಂಡು, ಸೋಮವಾರ ಬೆಳಗ್ಗೆ ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲಿನಲ್ಲಿ, ಚಿನ್ನದ ಗಣಿಗೆ ಕೆಲಸಕ್ಕೆ ಹೊರಟವರ ನಡುವೆ ಕುಳಿತು ಬಡಿಸುತ್ತಿದ್ದ.

"ಈ ವಾರ ಒಂದು ಕಾದಂಬರಿ ಬಂದೈತೆ ನೋಡ್ರಪ್ಪಾ. ಓದಿದ್ರೆ ಅಂಥದ್ದು ಓದಬೇಕು."

"ಏನೈತಣ್ಣಾ ಅದ್ರಾಗೆ?"

"ಸಮಾಜಕ್ಕೆ ಇಡಿದ ಕನ್ನಡಿ."

"ಆಮೇಲೆ?"

"ಆಮೇಲೇನು, ಮುದ್ರಣ ಅಚ್ಚುಕಟ್ಟಾಗೈತೆ."

ಕೇಳಿದವರು ತಲೆ ತೂಗುತ್ತಿದ್ದರು. ಅವರ ಪೈಕಿ ಒಬ್ಬರಿಗೂ 'ಯಾರಿಗೆ ಯಾರು ಏನಾಗಬೇಕು, ಕೊನೆಗೆ ಏನಾಯಿತು' ಎಂದು ಕೇಳುವ ಧೈರ್ಯವಿರಲಿಲ್ಲ. ಕೇಳಿದರೆ ತಮ್ಮ ದಡ್ಡತನ ಬಯಲಾಗುತ್ತದೆ ಎಂಬ ಹೆದರಿಕೆ ಅವರಿಗೆ. ಕೇಳಿಬಿಟ್ಟರೆ ತನ್ನದು ಬಯಲಾಗುತ್ತದೆ ಎಂಬ ಹೆದರಿಕೆ ಬಚ್ಚಪ್ಪನಿಗೆ. ಹೀಗೆ ಎರಡೂ ಕಡೆಯವರ ಹೆದರಿಕೆಯಿಂದ ರೈಲಿನಲ್ಲಿ ಸಾಹಿತ್ಯ ಸಮೃದ್ಧವಾಗಿ ಬೆಳೆದಿತ್ತು. ಮನೆಯಲ್ಲಿ ಮಾತ್ರ ಅವನ ಹೆಂಡತಿ ಅನಸೂಯಮ್ಮನಿಗೆ ನಿಜ ಗೊತ್ತು. ಆ ಮನೆಯಲ್ಲಿದ್ದದ್ದು ಎರಡೇ ಪುಸ್ತಕ. ಒಂದು ಪಂಚಾಂಗ, ಇನ್ನೊಂದು ಹೋದ ವರ್ಷದ ಪಂಚಾಂಗ.

ಬಚ್ಚಪ್ಪನ ನೌಕರಿ ಗಣಿಯ ಟೈಮ್ ಆಫೀಸಿನ ಕಿಟಕಿಯಲ್ಲಿ. ಅದನ್ನು ಸ್ವಲ್ಪ ವಿವರಿಸಬೇಕು. ಗಣಿಗೆ ಇಳಿಯುವ ಪ್ರತಿಯೊಬ್ಬನಿಗೂ ಒಂದು ನಂಬರು, ಆ ನಂಬರು ಕೊರೆದ ಒಂದು ಹಿತ್ತಾಳೆ ಬಿಲ್ಲೆ. ಕಿಟಕಿಯ ಒಳಗೆ ಗೋಡೆ ತುಂಬ ಒಂದು ಹಲಗೆ, ಹಲಗೆಯ ತುಂಬ ಕೊಕ್ಕೆ. ಇಳಿಯುವವನು ತನ್ನ ನಂಬರು ಕೂಗಿಸಿಕೊಂಡು, "ಐದೀನಿ ಸಾಮಿ" ಎಂದು ಬಿಲ್ಲೆ ಪಡೆದು ಇಳಿಯುತ್ತಾನೆ. ಮೇಲೆ ಬಂದವನು ಬಿಲ್ಲೆ ವಾಪಸು ಕೊಡುತ್ತಾನೆ, ಬಚ್ಚಪ್ಪ ಕೊಕ್ಕೆಗೆ ಹಾಕುತ್ತಾನೆ. ಪಾಳಿ ಮುಗಿದ ಮೇಲೆ ಒಂದು ಕೊಕ್ಕೆ ಖಾಲಿ ಇದೆ ಎಂದರೆ ಒಬ್ಬ ಮನುಷ್ಯ ಇನ್ನೂ ನೆಲದ ಕೆಳಗಿದ್ದಾನೆ ಎಂದು ಅರ್ಥ. ಗಣಿಯ ಊರಿನಲ್ಲಿ ಇದಕ್ಕಿಂತ ದೊಡ್ಡ ಕಾನೂನು ಇನ್ನೊಂದಿರಲಿಲ್ಲ.

ರಷ್ಯಾದವರು ಚಂದ್ರನ ಹಿಂಭಾಗದ ಫೋಟೋ ತೆಗೆದ ಮರುವರ್ಷ, ಬಂಗಾರಪೇಟೆಯ ಸುಜ್ಞಾನ ವಾಚನಾಲಯಕ್ಕೆ ಸರ್ಕಾರದಿಂದ ಒಂದು ಪಾರ್ಸೆಲ್ ಬಂತು. ವಾಚನಾಲಯ ಇದ್ದದ್ದು ಸ್ಟೇಷನ್ನಿನ ಎದುರಿಗೆ, ಶ್ರೀರಾಮಪ್ಪನವರ ಹುಣಸೆಹಣ್ಣಿನ ಮಂಡಿಯ ಹಿಂದಿನ ಕೋಣೆಯಲ್ಲಿ. ಕೋಣೆ ಅವರದಾದ್ದರಿಂದ ಅಧ್ಯಕ್ಷರೂ ಅವರೇ. ಕನ್ನಡಕವಿಲ್ಲದೆ ಅವರಿಗೆ ಅಕ್ಷರ ಕಾಣುತ್ತಿರಲಿಲ್ಲ, ಕನ್ನಡಕವನ್ನು ಅವರು ಇದುವರೆಗೆ ಮಾಡಿಸಿಕೊಂಡಿರಲಿಲ್ಲ. ಪಾರ್ಸೆಲ್ಲಿನ ಜೊತೆಗೆ ಬಂದ ಕಾಗದವನ್ನು ಬಚ್ಚಪ್ಪನೇ ಓದಿ ಹೇಳಬೇಕಾಯಿತು.

"ವಿವಿಧ ಪ್ರಕಾರಗಳ ಓದಲರ್ಹ ನೂತನ ಗ್ರಂಥಗಳು, ಒಟ್ಟು ಹದಿನೈದು," ಎಂದು ಓದಿದ ಬಚ್ಚಪ್ಪ. "ಬರೋ ತಿಂಗಳು ಕೊನೇ ಶನಿವಾರ ಸಾಯಂಕಾಲ ತನಿಖಾಧಿಕಾರಿಗಳು ಬತ್ತಾರಂತೆ. ಓದುಗರು ಇದ್ದಾರೆ ಅಂತ ಕಂಡ್ರೆ ಇದನ್ನ ಸರ್ಕಾರದ ಶಾಖಾ ಗ್ರಂಥಾಲಯ ಮಾಡ್ತಾರಂತೆ. ಒಬ್ಬ ಗ್ರಂಥಪಾಲಕನ್ನೂ ನೇಮಿಸ್ತಾರಂತೆ. ಮೇಜು, ಕುರ್ಚಿ ಎಲ್ಲಾ ಅವರದ್ದೇ."

"ಓದೋರನ್ನ ತೋರ್ಸು ಬಚ್ಚಪ್ಪಾ, ಆ ಕುರ್ಚಿ ನಿಂದೇ," ಎಂದರು ಶ್ರೀರಾಮಪ್ಪನವರು. "ಇಡೀ ತಾಲ್ಲೂಕಲ್ಲಿ ನಿನ್ನಂಗೆ ಓದಿರೋನು ಇನ್ಯಾವನವ್ನೆ?"

ಅಂದಿನಿಂದ ಬಚ್ಚಪ್ಪನಿಗೆ ಆ ಕುರ್ಚಿಯದೇ ಧ್ಯಾನ. ಬೆಳಗ್ಗೆ ಐದಕ್ಕೆ ಏಳಬೇಕಾಗಿಲ್ಲ, ರೈಲಿನ ಬಾಗಿಲಲ್ಲಿ ನೇತಾಡಬೇಕಾಗಿಲ್ಲ, ದಿನಕ್ಕೆ ನಾನೂರು ಸಲ ನಂಬರು ಕೂಗಬೇಕಾಗಿಲ್ಲ. ಮನೆಯಿಂದ ನಾಲ್ಕು ಹೆಜ್ಜೆ ನಡೆದರೆ ಕುರ್ಚಿ. ಕುರ್ಚಿಗೆ ಕೈ ಇರುತ್ತದೋ ಇಲ್ಲವೋ ಎಂಬುದೊಂದೇ ಅವನಿಗೆ ಉಳಿದಿದ್ದ ಚಿಂತೆ.

ಆದರೆ ಓದುಗರು? ಊರಲ್ಲಿ ಡಂಗುರ ಹೊಡೆಸಿದರೂ ಒಬ್ಬನೂ ಬರಲಿಲ್ಲ. ಬಂದ ಇಬ್ಬರು ಹುಣಸೆಹಣ್ಣಿನ ಧಾರಣೆ ಕೇಳಿಕೊಂಡು ಹೋದರು. ಆಗ ಬಚ್ಚಪ್ಪನಿಗೆ ತನ್ನ ಕಿಟಕಿಯ ನೆನಪಾಯಿತು. ಓದುಗರು ತನ್ನ ಬಳಿಗೆ ಬರದಿದ್ದರೇನು, ಬಿಲ್ಲೆ ಕೊಡುವುದಕ್ಕಂತೂ ಬರಲೇಬೇಕಲ್ಲ. ಪುಸ್ತಕಗಳನ್ನು ಚೀಲದಲ್ಲಿ ಹಾಕಿಕೊಂಡು ಗಣಿಗೇ ಒಯ್ದ.

ಪುಸ್ತಕ ಕೊಂಡೊಯ್ದವನು ಹಿಂತಿರುಗಿಸುವುದಿಲ್ಲ ಎಂಬುದು ಲೋಕಕ್ಕೆಲ್ಲ ಗೊತ್ತು. ಅದಕ್ಕೂ ಅವನು ಒಂದು ಉಪಾಯ ಹೂಡಿದ. ಶನಿವಾರ ಪಾಳಿ ಮುಗಿಸಿ ಮೇಲೆ ಬಂದವನು ಪುಸ್ತಕ ತೆಗೆದುಕೊಂಡರೆ, ಅವನ ಬಿಲ್ಲೆ ಕೊಕ್ಕೆಗೆ ಹೋಗುವುದಿಲ್ಲ, ಬಚ್ಚಪ್ಪನ ಮೇಜಿನ ಡ್ರಾಯರಿಗೆ ಹೋಗುತ್ತದೆ. ಸೋಮವಾರ ಪುಸ್ತಕ ತಂದು ಕೊಟ್ಟರೆ ಬಿಲ್ಲೆ, ಬಿಲ್ಲೆ ಇದ್ದರೆ ಕೆಲಸ. ಪ್ರಪಂಚದ ಯಾವ ಗ್ರಂಥಾಲಯದಲ್ಲೂ ಇಂಥ ಭದ್ರವಾದ ವ್ಯವಸ್ಥೆ ಇರಲಾರದು ಎಂದು ಬಚ್ಚಪ್ಪ ಬೀಗಿದ. ಇರಲಿಲ್ಲ, ನಿಜ.

ಬಂಗಾರಪೇಟೆ ಸುತ್ತಿನ ಹಳ್ಳಿಗಳಿಂದ ರೈಲಿನಲ್ಲಿ ಬರುವ ಒಂಬತ್ತು ಜನ ಅವನ ಕೈಗೆ ಸಿಕ್ಕಿಬಿದ್ದರು. ಎಲ್ಲರಿಗಿಂತ ಮುಂದೆ ಸಿಕ್ಕಿದವನು ನಾನೂರ ಹದಿನೇಳನೇ ನಂಬರಿನ ಚಿಕ್ಕಮುನಿಯಪ್ಪ.

"ನಂಗ್ಯಾಕಣ್ಣಾ ಪುಸ್ತಕ? ಮನೇಲಿ ಎಮ್ಮೆ ಐತೆ, ಎಂಡ್ತಿ ಅವ್ಳೆ, ಓದೋಕೆ ಪುರುಸೊತ್ತೆಲ್ಲಿ?"

"ನಿಂಗಂತಲೇ ಬರೆದವ್ರೆ ಕಣ್ಲಾ. 'ಬೀಗವಿಲ್ಲದ ಪೆಟ್ಟಿಗೆಯ ಕೊಲೆ'. ಪತ್ತೇದಾರಿ."

"ಕೊಲೆ ಯಾರು ಮಾಡಿದ್ದು?"

"ಅದನ್ನ ನಾನೇಳಿದ್ರೆ ರುಚಿ ಕೆಡ್ತದೆ," ಎಂದು ಬಚ್ಚಪ್ಪ ಗಂಭೀರವಾಗಿ ಹೇಳಿ ಬಿಲ್ಲೆ ಕಿತ್ತುಕೊಂಡ.

ಎಮ್ಮೆ ಇಟ್ಟವನೊಬ್ಬನಿಗೆ 'ಹಾಲು ಕರೆಯುವ ವೈಜ್ಞಾನಿಕ ಕ್ರಮ' ಹೋಯಿತು. ದಿನವೆಲ್ಲ ಕತ್ತಲಲ್ಲಿ ಬಂಡೆ ಕೊರೆಯುವವನಿಗೆ 'ಚಂದ್ರನಲ್ಲಿ ಬಾವಿ ಇದೆಯೇ?' ಹೋಯಿತು. ಮಂಡಿ ನೋವಿನವನಿಗೆ ಹಿಮಾಲಯದ ಪ್ರವಾಸಕಥನ. ಮದುವೆಯಾಗದವನಿಗೆ 'ಬದನೆಕಾಯಿಯ ಐವತ್ತು ಅವತಾರಗಳು' ಎಂಬ ಪಾಕಶಾಸ್ತ್ರ. ಮಾತೇ ಆಡದ ಒಬ್ಬನಿದ್ದ, ಅವನಿಗೆ ಕವನಸಂಕಲನ. ಮೂರು ಶನಿವಾರ ಎಲ್ಲವೂ ಸುಸೂತ್ರವಾಗಿ ನಡೆಯಿತು. ಪಾಳಿ ಮುಗಿದ ಮೇಲೆ ಹಲಗೆ ನೋಡಿ 'ಎಲ್ಲರೂ ಮೇಲೆ ಬಂದಿದ್ದಾರೆ' ಎಂದು ರುಜು ಹಾಕುವವನೂ ಬಚ್ಚಪ್ಪನೇ ಆದ್ದರಿಂದ, ಒಂಬತ್ತು ಕೊಕ್ಕೆ ಖಾಲಿ ಇದ್ದರೂ ಅವನಿಗೆ ಗಾಬರಿಯಿಲ್ಲ, ಬೇರೆಯವರಿಗೆ ಗೊತ್ತೇ ಇಲ್ಲ.

ನಾಲ್ಕನೆಯ ಶನಿವಾರ ತನಿಖೆಯ ದಿನ. ಬಚ್ಚಪ್ಪ ಅರ್ಧ ಗಂಟೆ ಮೊದಲೇ ಹೊರಡಲು ಅಪ್ಪಣೆ ಪಡೆದಿದ್ದ. ಎಲ್ಲರಿಗಿಂತ ಮೊದಲು ಮೇಲೆ ಬರಹೇಳಿದ್ದ ಒಂಬತ್ತು ಜನರಿಗೂ ಪುಸ್ತಕ ಕೊಟ್ಟು, ಬಿಲ್ಲೆಗಳನ್ನು ಈ ಸಲ ಡ್ರಾಯರಿಗೆ ಹಾಕದೆ ದಾರದಲ್ಲಿ ಪೋಣಿಸಿ ಚೀಲಕ್ಕೆ ಹಾಕಿಕೊಂಡ. ಓದುಗರ ಸಂಖ್ಯೆಗೆ ಪುರಾವೆ ಎಂದು ಅಧಿಕಾರಿಗಳ ಮುಂದೆ ಇಡಬೇಕಲ್ಲ. ಪುರಾವೆಯ ಜೊತೆಗೆ ಒಂಬತ್ತು ಓದುಗರನ್ನೂ ಅದೇ ರೈಲಿಗೆ ಹತ್ತಿಸಿದ. ಕಿಟಕಿಯನ್ನು ಬದಲಿ ಗುಮಾಸ್ತ ಆಂಜಿನಪ್ಪನಿಗೆ ಒಪ್ಪಿಸಿದ.

ಆಂಜಿನಪ್ಪ ಹೆದರಿಕೆಯ ಮನುಷ್ಯ. ಹಿಂದೆ ಒಂದು ಸಲ ಗಣಿಯೊಳಗೆ ಬಂಡೆ ಸಿಡಿದು ಮನೆಯ ಪಾತ್ರೆಗಳು ಅಲುಗಾಡಿದಾಗ ಮಂಚದ ಕೆಳಗೆ ಹೊಕ್ಕವನು, ಮೂರು ದಿನ ಅಲ್ಲೇ ಊಟ ತರಿಸಿಕೊಂಡಿದ್ದ. ಪಾಳಿಯವರೆಲ್ಲ ಹೋದ ಮೇಲೆ ಅವನು ಹಲಗೆ ನೋಡಿದ. ಒಂಬತ್ತು ಕೊಕ್ಕೆ ಖಾಲಿ. ಮತ್ತೆ ಎಣಿಸಿದ. ಒಂಬತ್ತು. ಕಣ್ಣು ಒರೆಸಿಕೊಂಡು ಕೆಳಗಿನಿಂದ ಮೇಲಕ್ಕೆ ಎಣಿಸಿದ. ಆಗಲೂ ಒಂಬತ್ತೇ. ಅವನು ಹೊಡೆದ ಕೂಗಿಗೆ ಸೈರನ್ ಹಾಕುವವನು ಎದ್ದು ಬಂದ. ಸೈರನ್ ಹಾಕಿದ ಮೇಲೆ ಕೇಳಬೇಕೆ. ಕೆಲಸಗಾರರ ಲೈನ್ ಮನೆಗಳಿಂದ ಹೆಂಗಸರು ಒಲೆಯ ಮೇಲಿನ ಅನ್ನ ಬಿಟ್ಟು ಓಡಿ ಬಂದರು. ಕನ್ನಡ, ತೆಲುಗು, ತಮಿಳು, ಮೂರು ಭಾಷೆಯ ಅಳು ಒಟ್ಟಿಗೇ ಎದ್ದಿತು. ರೆಸ್ಕ್ಯೂ ತಂಡದ ಮುಖ್ಯಸ್ಥ ಮುನಿಸ್ವಾಮಪ್ಪ ಬಾಯಿಗೆ ಇಟ್ಟಿದ್ದ ಮುದ್ದೆ ಹಾಗೇ ಬಿಟ್ಟು, ಐದು ಜನರನ್ನು ಕರೆದುಕೊಂಡು ಗಣಿಗೆ ಇಳಿದ.

ಇತ್ತ ಬಂಗಾರಪೇಟೆಯ ವಾಚನಾಲಯದಲ್ಲಿ, ಹುಣಸೆ ಮೂಟೆಗಳನ್ನು ಒತ್ತರಿಸಿ ಹಾಸಿದ ಜಮಖಾನದ ಮೇಲೆ ಒಂಬತ್ತು ಓದುಗರು ಒಂಬತ್ತು ಪುಸ್ತಕ ಹಿಡಿದು ಕುಳಿತಿದ್ದರು. ತನಿಖಾಧಿಕಾರಿಗಳು ಬಿಳಿ ಕೋಟು, ಜರಿ ಪೇಟದ ಹಿರಿಯರು. ಅವರು ಮಾತಾಡಿದರೆ ಅಚ್ಚಿಗೆ ಕಳಿಸಬಹುದಾಗಿತ್ತು.

"ನೂತನ ಗ್ರಂಥಗಳ ವಿಷಯದಲ್ಲಿ ತಮ್ಮ ಅಭಿಪ್ರಾಯವೇನು?" ಎಂದು ಬಚ್ಚಪ್ಪನನ್ನು ಕೇಳಿದರು.

"ಮುದ್ರಣ ಅಚ್ಚುಕಟ್ಟಾಗಿದೆ, ಸಾರ್."

"ಕವನಸಂಕಲನ?"

"ಅದೂ ಅಚ್ಚುಕಟ್ಟಾಗಿದೆ, ಸಾರ್. ಸಹೃದಯರು ಸ್ವಾಗತಿಸುವುದರಲ್ಲಿ ಸಂದೇಹವಿಲ್ಲ."

"ಭೇಷ್!" ಎಂದರು ಅಧಿಕಾರಿಗಳು. ಅವರೂ ಭಾನುವಾರದ ಪತ್ರಿಕೆ ತರಿಸುತ್ತಿದ್ದರು.

ಬಚ್ಚಪ್ಪ ಚೀಲದಿಂದ ಬಿಲ್ಲೆಸರ ತೆಗೆಯಬೇಕು ಎನ್ನುವಷ್ಟರಲ್ಲಿ ಸ್ಟೇಷನ್ ಪೋರ್ಟರು ಏದುಸಿರು ಬಿಡುತ್ತಾ ಒಳಗೆ ನುಗ್ಗಿದ.

"ಸಾಮೀ, ಗಣಿಯಿಂದ ಪೋನ್ ಬಂದೈತೆ. ಒಂಬತ್ತು ಜನ ಒಳಗೇ ಸಿಕ್ಕಾಕ್ಕೊಂಡವ್ರಂತೆ! ನಂಬರು ಬರ್ಕೊಂಡು ಬತ್ತೀನಿ," ಎಂದು ಬಂದ ವೇಗದಲ್ಲೇ ಹೊರಟುಹೋದ.

ಅಯ್ಯೋ, ಯಾರ ಮಕ್ಕಳೋ ಏನೋ. ತಾನು ದಿನಾ ಬೆಳಗ್ಗೆ ಬಿಲ್ಲೆ ಕೊಟ್ಟು ಇಳಿಸಿದವರೇ. ಬಚ್ಚಪ್ಪನ ಕಣ್ಣಲ್ಲಿ ನೀರು ಬಂತು, ನಿಜವಾದ ನೀರೇ. ಒಂಬತ್ತು ಎಂಬ ಸಂಖ್ಯೆ ತನ್ನ ಚೀಲದಲ್ಲೂ ಇದೆ ಎಂಬುದು ಅವನಿಗೆ ಹೊಳೆಯಲಿಲ್ಲ. ಮನುಷ್ಯ ದುಃಖದಲ್ಲಿರುವಾಗ ಲೆಕ್ಕ ಎಲ್ಲಿ ಹೊಳೆಯುತ್ತದೆ.

ಶ್ರೀರಾಮಪ್ಪನವರು ಮಾತ್ರ ಸಂದರ್ಭವನ್ನು ಕೈಬಿಡುವವರಲ್ಲ. ಎದ್ದು ನಿಂತು ಗಂಟಲು ಸರಿಮಾಡಿಕೊಂಡರು.

"ನಾಡಿಗೆ ಚಿನ್ನ ಕೊಟ್ಟು, ತಾವು ಮಣ್ಣಾದ ಆ ಒಂಬತ್ತು ಮಹನೀಯರು..."

"ಇನ್ನೂ ಖಚಿತವಾಗಿಲ್ಲವಲ್ಲ," ಎಂದರು ಅಧಿಕಾರಿಗಳು.

"ಖಚಿತ ಆಗೋ ಒತ್ಗೆ ತಾವು ರೈಲು ಅತ್ತಿರ್ತೀರಿ ಸಾರ್. ಸಭೆ ಆಮೇಲೆ ಸೇರೋದು ಕಷ್ಟ."

ಇದು ಆಡಳಿತದ ದೃಷ್ಟಿಯಿಂದ ಸರಿಯಾದ ಮಾತು ಎಂದು ಅಧಿಕಾರಿಗಳಿಗೂ ಅನಿಸಿತು. ಎರಡು ನಿಮಿಷದ ಮೌನಾಚರಣೆಗೆ ಎಲ್ಲರೂ ಎದ್ದರು. ಒಂಬತ್ತು ಓದುಗರೂ ಪುಸ್ತಕಗಳನ್ನು ಎದೆಗವಚಿಕೊಂಡು, ತಲೆ ತಗ್ಗಿಸಿ, ತಮ್ಮ ಆತ್ಮಗಳಿಗೆ ತಾವೇ ಶಾಂತಿ ಕೋರುತ್ತಾ ನಿಂತರು. ಚಿಕ್ಕಮುನಿಯಪ್ಪನಂತೂ ಮೂಗು ಒರೆಸಿಕೊಳ್ಳುತ್ತಿದ್ದ.

ಮೌನದ ಎರಡನೆಯ ನಿಮಿಷದಲ್ಲಿ ಪೋರ್ಟರು ಚೀಟಿ ತಂದ. ಅವನ ಹಿಂದೆ ಸ್ಟೇಷನ್ನಿನ ಜನವೆಲ್ಲ ಬಂದು ಬಾಗಿಲಲ್ಲಿ ತುಂಬಿಕೊಂಡಿತು. ಚೀಟಿಯಲ್ಲಿ ಬರೀ ನಂಬರುಗಳು. ಹೆಸರು ಗೊತ್ತಿದ್ದವನು ಬಚ್ಚಪ್ಪನೊಬ್ಬನೇ ಆದ್ದರಿಂದ ಚೀಟಿ ಅವನ ಕೈಗೆ ಬಂತು. ಅವನು ಓದಿದ.

"ನಾನೂರ ಹದಿನೇಳು."

"ಐದೀನಿ ಸಾಮಿ," ಎಂದ ಚಿಕ್ಕಮುನಿಯಪ್ಪ, ತಲೆ ತಗ್ಗಿಸಿಕೊಂಡೇ.

ಬಚ್ಚಪ್ಪನಿಗೂ ಅದು ವಿಚಿತ್ರ ಎನಿಸಲಿಲ್ಲ. ಹದಿನೈದು ವರ್ಷದಿಂದ ನಂಬರು ಕೂಗಿದರೆ ಆ ಉತ್ತರ ಬರುತ್ತಲೇ ಇತ್ತು.

"ನಾನೂರ ಮೂವತ್ತೆರಡು."

"ಐದೀನಿ ಸಾಮಿ."

"ಐನೂರ ಎಂಟು."

"ಐದೀನಿ."

ನಾಲ್ಕನೆಯ ನಂಬರಿಗೆ ಬಚ್ಚಪ್ಪನ ನಾಲಿಗೆ ನಿಂತಿತು. ಚೀಟಿ ನೋಡಿದ. ಸಾಲಾಗಿ ನಿಂತವರನ್ನು ನೋಡಿದ. ಚೀಲದ ಕಡೆ ನೋಡಿದ. ಚೀಲದೊಳಗೆ ಹಿತ್ತಾಳೆ ಕಿಣಿಕಿಣಿ ಎಂದಿತು, ಅಥವಾ ಅವನಿಗೆ ಹಾಗೆ ಕೇಳಿಸಿತು.

ಅಷ್ಟರಲ್ಲಿ ಬಾಗಿಲಿನ ಜನವನ್ನು ಸೀಳಿಕೊಂಡು ಒಬ್ಬಳು ಹೆಂಗಸು ಒಳಗೆ ಬಂದಳು. ಚಿಕ್ಕಮುನಿಯಪ್ಪನ ಹೆಂಡತಿ ಮುನಿನಾರಾಯಣಮ್ಮ. ಸ್ಟೇಷನ್ ಹೋಟೆಲಿಗೆ ಹಾಲು ಹಾಕಲು ಬಂದವಳ ಕಿವಿಗೆ 'ನಾನೂರ ಹದಿನೇಳು' ಬಿದ್ದಿತ್ತು. ಆ ನಂಬರು ಅವಳಿಗೆ ಗಂಡನ ಹೆಸರಿಗಿಂತ ಹೆಚ್ಚು ಬಳಕೆ. ಹಾಲಿನ ಪಾತ್ರೆ ಕೈಯಲ್ಲೇ ಇತ್ತು, ಹಾಲು ಮಾತ್ರ ದಾರಿಯಲ್ಲಿ ಚೆಲ್ಲಿ ಹೋಗಿತ್ತು.

"ಅಯ್ಯೋ ನನ್ ರಾಜಾ, ಬೆಳಗ್ಗೆ ಉಪ್ಪಿಲ್ಲ ಅಂತ ಬೈದು ಓದ್ಯಲ್ಲಪ್ಪಾ, ಅದೇ ಕೊನೇ ಮಾತಾಯ್ತಲ್ಲಪ್ಪಾ..." ಎನ್ನುತ್ತಾ ಬಂದವಳು ಎದುರಿಗೇ ಗಂಡನನ್ನು ಕಂಡಳು. ಅವಳ ಅಳು ನಿಂತಿತು. ನಿಂತ ರೀತಿ ನೋಡಿ ಪಕ್ಕದಲ್ಲಿದ್ದವರು ಎರಡು ಹೆಜ್ಜೆ ಹಿಂದೆ ಸರಿದರು.

"ಲೋ, ಇಲ್ಲೇನ್ ಮಾಡ್ತಿದೀಯ?"

"ನನಗೋಸ್ಕರ ಮೌನ ಆಚರಿಸ್ತಾ..." ಎಂದು ಚಿಕ್ಕಮುನಿಯಪ್ಪ ವಿವರಿಸಲು ಹೋದ.

ಮುಂದಿನದನ್ನು ವಿಸ್ತರಿಸಬಾರದು. ಖಾಲಿ ಹಾಲಿನ ಪಾತ್ರೆಯಿಂದ ಬರುವ ಶಬ್ದ ತುಂಬಿದ ಪಾತ್ರೆಯಿಂದ ಬರುವುದಿಲ್ಲ ಎಂದಷ್ಟೇ ಹೇಳಬಹುದು. ಹೊಡೆದಾದ ಮೇಲೆ ಅವಳು ಅಲ್ಲೇ ಮೂಟೆಯ ಮೇಲೆ ಕುಳಿತು, ಅವನ ಕೈ ಹಿಡಿದುಕೊಂಡು, ಮೊದಲಿಗಿಂತ ಜೋರಾಗಿ ಅತ್ತಳು. ಯಾರಿಗೂ ನಗು ಬರಲಿಲ್ಲ.

ಬಚ್ಚಪ್ಪ ಸ್ಟೇಷನ್ನಿಗೆ ಓಡಿದ. ಟೆಲಿಫೋನಿನ ಆ ಕಡೆ ಗಣಿಯ ಸೂಪರಿಂಟೆಂಡೆಂಟರೇ ಇದ್ದರು.

"ಸಾರ್, ಆ ಒಂಬತ್ತು ಜನ ಬದುಕಿದ್ದಾರೆ ಸಾರ್."

"ದೇವರು ದೊಡ್ಡವನು! ಎಷ್ಟು ಆಳದಲ್ಲಿ? ಯಾವ ಲೆವೆಲ್‌ನಲ್ಲಿ?"

"ಹುಣಸೆಹಣ್ಣಿನ ಮಂಡಿಯಲ್ಲಿ, ಸಾರ್."



"ಏನು ಮಾಡ್ತಿದ್ದಾರೆ?"

"ಓದ್ತಿದ್ದಾರೆ, ಸಾರ್."

"ಯಾರು ಓದೋಕೆ ಹೇಳಿದ್ದು?"

"ಸರ್ಕಾರ, ಸಾರ್," ಎಂದ ಬಚ್ಚಪ್ಪ. ಅದು ನಿಜವೇ ಆದರೂ ಆ ಹೊತ್ತಿನಲ್ಲಿ ಹೇಳುವ ಮಾತಾಗಿರಲಿಲ್ಲ.

ಸೋಮವಾರ ವಿಚಾರಣೆ. ಸೂಪರಿಂಟೆಂಡೆಂಟರು ಕೂಗಾಡಲಿಲ್ಲ. ಕೂಗಾಡಿದ್ದರೆ ಬಚ್ಚಪ್ಪ ತಡೆದುಕೊಳ್ಳುತ್ತಿದ್ದ. ಅವರು ಅವನನ್ನು ಹಲಗೆಯ ಮುಂದೆ ನಿಲ್ಲಿಸಿದರು.

"ನೋಡಿ ಇದನ್ನ. ಮೈಲಿ ಆಳಕ್ಕೆ ಇಳಿಯೋನು ಈ ಕೊಕ್ಕೆ ನಂಬಿಕೊಂಡು ಇಳೀತಾನೆ. ನಾನು ಮೇಲೆ ಬರದಿದ್ರೆ ಯಾರಾದ್ರೂ ಕಂಡುಹಿಡೀತಾರೆ ಅಂತ. ನಿಮ್ಮ ಒಂಬತ್ತು ಜನಕ್ಕೋಸ್ಕರ ಆರು ಜನ ಇಳಿದ್ರು. ಒಂದು ಬಂಡೆ ಜಾರಿದ್ರೆ ಆ ಆರು ಕೊಕ್ಕೆಗೆ ನೀವು ಯಾವ ಪುಸ್ತಕ ಕೊಡ್ತಿದ್ರಿ?"

ಆ ಮಾತು ಬಚ್ಚಪ್ಪನಿಗೆ ನಿಜವಾಗಿ ನಾಟಿತು.

ಶಿಕ್ಷೆ ಹೀಗೆ: ಕಿಟಕಿಯಿಂದ ತೆಗೆದು ಉಗ್ರಾಣದಲ್ಲಿ ಗುದ್ದಲಿ, ಸಲಿಕೆ ಎಣಿಸಲು ಹಾಕುವುದು. ಇಳಿದ ಆರು ಜನ 'ಕ್ಷಮಿಸಿದ್ದೇವೆ' ಎಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಕೊಟ್ಟರೆ ಅಲ್ಲಾದರೂ ಉಳಿಯಬಹುದು. ಇಲ್ಲದಿದ್ದರೆ ಮನೆಗೆ. ಬಚ್ಚಪ್ಪ ಆ ಕಾಗದ ಹಿಡಿದು ಮುನಿಸ್ವಾಮಪ್ಪನ ಮನೆಯ ಬೀದಿಯವರೆಗೆ ಮೂರು ಸಲ ಹೋಗಿ, ಮೂರು ಸಲ ಹಿಂತಿರುಗಿದ. ಇನ್ನು ಗ್ರಂಥಪಾಲಕನ ಕುರ್ಚಿಯೊಂದೇ ದಾರಿ ಎಂದು ಟಪಾಲು ಕಾಯತೊಡಗಿದ. ಪುಸ್ತಕಗಳ ಗಂಟು ಮನೆಯ ಮೂಲೆಯಲ್ಲಿ ಬಿದ್ದಿತ್ತು. ಸರ್ಕಾರದ ಆಜ್ಞೆ ಬರುವವರೆಗೆ ಅದನ್ನು ಮಂಡಿಯೊಳಗೆ ಸೇರಿಸುವುದಿಲ್ಲ ಎಂದು ಶ್ರೀರಾಮಪ್ಪನವರು ಹೇಳಿ ಕಳಿಸಿದ್ದರು.

ಭಾನುವಾರ ಮಧ್ಯಾಹ್ನ ಆರು ಜನರೂ ತಾವೇ ಬಂದರು. ಒಬ್ಬೊಬ್ಬನೂ ಬಾಗಿಲಷ್ಟು ಅಗಲ. ಎದುರು ಮನೆಯ ಅಕ್ಕಯ್ಯಮ್ಮ ಬಾಗಿಲು ಹಾಕಿಕೊಂಡು, ಚೆನ್ನಾಗಿ ಕಾಣಲೆಂದು ಕಿಟಕಿ ತೆಗೆದಿಟ್ಟಳು. ಅನಸೂಯಮ್ಮ ಗಂಡನ ಮುಂದೆ ಬಂದು ನಿಂತಳು.

"ಒಡೆಯೋದಾದ್ರೆ ಜಗಲಿ ಮೇಲೆ ಬೇಡ್ರಣ್ಣಾ, ಒಳಗೆ ಬನ್ನಿ. ಬೀದಿಯೋರು ನೋಡ್ತಾರೆ."

"ಒಡೆಯೋಕ್ ಬಂದಿಲ್ಲ ತಾಯೀ," ಎಂದು ಮುನಿಸ್ವಾಮಪ್ಪ ಜಗಲಿಯ ಮೇಲೆ ಕುಳಿತ. "ಬಚ್ಚಪ್ಪಾ, ಕೆಳಗೆ ಮೂರು ಗಂಟೆ ಕೂಗಿದೀನಿ ನಾನು. ಒಬ್ಬೊಬ್ಬನ ಎಸ್ರೂ ಇಡಿದು ಕೂಗಿದೀನಿ. ಚಿಕ್ಕಮುನಿಯಾ, ಓ ಅನ್ಲಾ, ಕಲ್ಲಾದ್ರೂ ಕುಟ್ಲಾ, ಅಂತ. ಉತ್ರ ಇಲ್ಲ. ಇಪ್ಪತ್ತು ವರ್ಸದಾಗೆ ಅಷ್ಟು ಕೂಗಿದ್ದು ಇದೇ ಮೊದಲು. ಗಂಟ್ಲು ಇನ್ನೂ ಸರಿ ಓಗಿಲ್ಲ. ನಂಗೆ ಒಂದೇ ಒಂದು ಗೊತ್ತಾಗಬೇಕು. ನಾನು ಅಂಗೆ ಕೂಗ್ತಿರುವಾಗ ಅವರು ಇಡ್ಕೊಂಡು ಕುಂತಿದ್ರಲ್ಲ, ಆ ಪುಸ್ತಕದಾಗೆ ಏನೈತೆ?"

ಬಚ್ಚಪ್ಪನ ಬಾಯಿಗೆ ಸಮಾಜದ ಕನ್ನಡಿ ಬಂತು. ಮುನಿಸ್ವಾಮಪ್ಪನ ಮುಖ ನೋಡಿ ಅದು ಗಂಟಲಲ್ಲೇ ಕರಗಿತು.

"ನಂಗೆ ಗೊತ್ತಿಲ್ಲಣ್ಣಾ," ಎಂದ. "ನಾನು ಒಂದನ್ನೂ ಓದಿಲ್ಲ. ಯಾವತ್ತೂ ಯಾವುದನ್ನೂ ಓದಿಲ್ಲ."

ಹೇಳಿಬಿಟ್ಟ ಮೇಲೆ ಅವನಿಗೆ ಎಷ್ಟು ನಾಚಿಕೆಯಾಯಿತೋ ಅಷ್ಟೇ ಹಗುರವೂ ಆಯಿತು. ಎದುರು ಕಿಟಕಿಯಲ್ಲಿ ಅಕ್ಕಯ್ಯಮ್ಮ "ಅಬ್ಬಬ್ಬಾ!" ಎಂದಳು.

"ನಮ್ಮ ಆರು ಜನದಾಗೆ ಒಬ್ಬನಿಗೂ ಓದೋಕೆ ಬರಲ್ಲ," ಎಂದ ಮುನಿಸ್ವಾಮಪ್ಪ. "ನಿಂಗೆ ಬತ್ತದೆ. ತೆಗಿ, ಓದು. ಮುಗಿದ ಮೇಲೆ ಎಬ್ಬೆಟ್ಟು ಒತ್ತೀವಿ."

ಹೀಗೆ ಬಚ್ಚಪ್ಪ ತನ್ನ ನಲವತ್ತೆರಡನೆಯ ವಯಸ್ಸಿನಲ್ಲಿ ಒಂದು ಪುಸ್ತಕವನ್ನು ಮೊದಲಿನಿಂದ ಓದಲು ಕುಳಿತ. ಭಾನುವಾರ ಜಗಲಿಯ ಮೇಲೆ ಶುರುವಾದದ್ದು, ಸೋಮವಾರದಿಂದ ಗಣಿಯ ಗೇಟಿನ ಎದುರು ಹುಣಸೆ ಮರದ ಕೆಳಗೆ, ಪಾಳಿ ಮುಗಿದು ರೈಲು ಬರುವ ತನಕ ನಡೆ‌ಯಿತು. 'ಬೀಗವಿಲ್ಲದ ಪೆಟ್ಟಿಗೆಯ ಕೊಲೆ'. ಮುನ್ನುಡಿಯನ್ನು ಹಾರಿಸಲು ನೋಡಿದ, ಅವರು ಬಿಡಲಿಲ್ಲ. ಎರಡನೆಯ ಅಧ್ಯಾಯವನ್ನು ಸಾರಾಂಶದಲ್ಲಿ ಹೇಳಲು ನೋಡಿದ, ಮುನಿಸ್ವಾಮಪ್ಪ ಪುಟ ಮುಟ್ಟಿ ನೋಡಿ, "ಇಷ್ಟು ದಪ್ಪ ಇದ್ದದ್ದು ಎರಡು ಮಾತಿಗೆ ಮುಗೀತಾ?" ಎಂದ. ಓದು ನಿಂತರೆ ಸಾಕು, ಆರು ಜನ ಮೂರು ಭಾಷೆಯಲ್ಲಿ ಕೇಳುತ್ತಿದ್ದರು.

"ಆಮೇಲೆ?"

"ತರ್ವಾತ?"

"ಅಪ್ಪುರಂ?"

ಮೂರನೆಯ ದಿನ ಬಚ್ಚಪ್ಪನಿಗೆ ರೈಲಿನಲ್ಲಿ ಕುಳಿತರೂ ಪೆಟ್ಟಿಗೆಯದೇ ಯೋಚನೆ. ಐದನೆಯ ದಿನ ಕೊಲೆಗಾರ ಸಿಕ್ಕಿಬಿದ್ದಾಗ ಅವನು ಒಂದು ಸಾಲು ಎರಡು ಸಲ ಓದಿದ. ಮಾತಿಗೆ ತಪ್ಪದೆ ಆರು ಜನರೂ ಹೆಬ್ಬೆಟ್ಟು ಒತ್ತಿದರು. ಉಗ್ರಾಣದ ಕೆಲಸ ಉಳಿಯಿತು. ಇನ್ನು ಇವರ ಕಾಟ ತಪ್ಪಿತು ಎಂದು ಬಚ್ಚಪ್ಪ ಮಾರನೆಯ ದಿನ ಸಲಿಕೆ ಎಣಿಸಿ ಹೊರಬಂದರೆ, ಮರದ ಕೆಳಗೆ ಆರು ಜನರೂ ಕುಳಿತಿದ್ದರು. ಅವರ ಹಿಂದೆ ಚಿಕ್ಕಮುನಿಯಪ್ಪನೂ ಇದ್ದ. ತನ್ನ ಕೈಯಲ್ಲೇ ಮೂರು ವಾರ ಇದ್ದ ಪುಸ್ತಕದಲ್ಲಿ ಯಾರು ಕೊಲೆ ಮಾಡಿದರೆಂದು ಕೇಳಲು ಬಂದವನು, ಅಲ್ಲೇ ಕುಳಿತುಬಿಟ್ಟ.

ಒಂದೊಂದೇ ಪುಸ್ತಕ ಮುಗಿಯುತ್ತಾ ಬಂತು. ತೀರ್ಪುಗಳೂ ಬರುತ್ತಾ ಹೋದವು. ಹಾಲು ಕರೆಯುವ ಪುಸ್ತಕ ಬರೆದಾತ ಜನ್ಮದಲ್ಲಿ ಎಮ್ಮೆ ಮುಟ್ಟಿದವನಲ್ಲ ಎಂದು ಹನ್ನೆರಡನೆಯ ಪುಟದಲ್ಲೇ ಇತ್ಯರ್ಥವಾಯಿತು. ಬದನೆಕಾಯಿಯ ಪುಸ್ತಕವನ್ನು ಹಸಿದ ಹೊಟ್ಟೆಯಲ್ಲಿ ಓದಬಾರದು ಎಂದು ಗೊತ್ತುವಳಿಯಾಯಿತು. ಚಂದ್ರನಲ್ಲಿ ಬಾವಿ ತೋಡುವುದಾದರೆ ಸಿಡಿಮದ್ದು ಎಲ್ಲಿಡಬೇಕು, ಆಸರೆಗೆ ಮರ ಎಲ್ಲಿಂದ ತರಬೇಕು ಎಂದು ಎರಡು ದಿನ ವಾದ ನಡೆದು ಓದೇ ನಿಂತಿತು. ಕವನಸಂಕಲನ ಯಾರಿಗೂ ಬೇಡವಾಗಿತ್ತು. ಆದರೂ, ಸತ್ತ ಅಣ್ಣನನ್ನು ತಂಗಿ ಬಾವಿಕಟ್ಟೆಯ ಬಳಿ ಕರೆಯುವ ಒಂದು ಪದ್ಯವನ್ನು ಮುನಿಸ್ವಾಮಪ್ಪ ಮೂರು ಸಲ ಓದಿಸಿದ. ನಾಲ್ಕನೆಯ ಸಲ ಓದಿಸದೆ ಎದ್ದು ಹೋಗಿ, ನಲ್ಲಿಯಲ್ಲಿ ಮುಖ ತೊಳೆದುಕೊಂಡು ಬಂದ. ಇದಾವುದಕ್ಕೂ ಸಾದರ ಸ್ವೀಕಾರದಲ್ಲಿ ಜಾಗವಿರಲಿಲ್ಲ.

ಹಿಮಾಲಯದ ಪ್ರವಾಸಕಥನ ನಡೆಯುತ್ತಿದ್ದ ದಿನ ಮರದ ಕೆಳಗೆ ಇಪ್ಪತ್ತು ಜನ ಸೇರಿದ್ದರು. ಪ್ರವಾಸಿ ಹಿಮದ ಇಳಿಜಾರಿನಲ್ಲಿ ಕಾಲು ಜಾರಿ, ಒಂದೇ ಹಗ್ಗ ಹಿಡಿದು ನೇತಾಡುತ್ತಿದ್ದ. ಹಗ್ಗದ ಒಂದೊಂದೇ ಎಳೆ ಬಿಚ್ಚಿಕೊಳ್ಳುತ್ತಿತ್ತು. ಆ ಹೊತ್ತಿಗೆ ಅಂಚೆಯವನು ಬಂದು ಬಚ್ಚಪ್ಪನ ಕೈಗೆ ಒಂದು ಲಕೋಟೆ ಕೊಟ್ಟ. ಮೇಲೆ ಸರ್ಕಾರದ ಮುದ್ರೆ. ಬಚ್ಚಪ್ಪ ಪುಟದ ನಡುವೆ ಬೆರಳಿಟ್ಟು ಲಕೋಟೆ ಒಡೆದ.

"ಏನ್ಲಾ ಅದು? ಜೋರಾಗೇ ಓದು," ಎಂದ ಮುನಿಸ್ವಾಮಪ್ಪ. ಅಕ್ಷರ ಎಂದ ಮೇಲೆ ಅದು ಎಲ್ಲರದೂ ಎಂದು ಅವರು ಆಗಲೇ ತೀರ್ಮಾನಿಸಿಯಾಗಿತ್ತು.

ಬಚ್ಚಪ್ಪ ಓದಿದ. "ಸುಜ್ಞಾನ ವಾಚನಾಲಯದಲ್ಲಿ ಮರಣವಾರ್ತೆಯೂ ಓದುಗರ ಏಕಾಗ್ರತೆಯನ್ನು ಕದಲಿಸಲಾರದೆಂಬುದನ್ನು ಇಲಾಖೆಯು ಪ್ರತ್ಯಕ್ಷ ಕಂಡಿದ್ದು, ಅದನ್ನು ಶಾಖಾ ಗ್ರಂಥಾಲಯವೆಂದು ಮಂಜೂರು ಮಾಡಲಾಗಿದೆ. ಅಧ್ಯಕ್ಷ ಶ್ರೀರಾಮಪ್ಪನವರ ಶಿಫಾರಸಿನ ಮೇರೆಗೆ ಗ್ರಂಥಪಾಲಕರ ಹುದ್ದೆಗೆ ಅವರ ತಂಗಿಯ ಮಗ ಶ್ರೀ ರಾಮಚಂದ್ರಪ್ಪನವರನ್ನು ನೇಮಿಸಲಾಗಿದೆ. ತಮ್ಮ ಬಳಿಯಿರುವ ಗ್ರಂಥಗಳನ್ನು ಕೂಡಲೇ ಅವರಿಗೆ ಒಪ್ಪಿಸತಕ್ಕದ್ದು."

ದನಿ ಕೊನೆಯಲ್ಲಿ ಕುಗ್ಗಿಹೋಯಿತು. ಮೇಜು, ಕುರ್ಚಿ, ಮನೆಯಿಂದ ನಾಲ್ಕು ಹೆಜ್ಜೆ, ಎಲ್ಲವೂ ಆ ಕಾಗದದಲ್ಲಿ ಮುಳುಗಿತು. ಬಚ್ಚಪ್ಪನಿಗೆ ಅಳು ಬರುವಂತಾಯಿತು. ಮುನಿಸ್ವಾಮಪ್ಪ ಗಡ್ಡ ಕೆರೆದುಕೊಂಡು ಆ ಕಾಗದವನ್ನು ತೂಗಿ ನೋಡುವವನಂತೆ ಸ್ವಲ್ಪ ಹೊತ್ತು ಯೋಚಿಸಿದ.

"ಇದು ಚೆನ್ನಾಗಿಲ್ಲ ಕಣ್ಲಾ ಬಚ್ಚಪ್ಪಾ," ಎಂದ. "ಇದ ಬುಡು. ಅಗ್ಗ ಇಡ್ಕೊಂಡು ನೇತಾಡ್ತಿದ್ದನಲ್ಲ, ಅವನೇನಾದ, ಅದ ಓದು."